ಹಿಂದಿನ ಸಾಲಿಗೆ ಹಲಗಿ ತಡವಾಗಿ ಕೇಳಿತು: ಒಂದು ಲೇಜಿಮ್ ಪ್ರದರ್ಶನದ ಪ್ರಕರಣ ಅಧ್ಯಯನ

ಈ ಪ್ರಕರಣದ ಊರು, ಶಾಲೆ, ವರ್ಷ, ಮಕ್ಕಳ ಹೆಸರು ಯಾವುದನ್ನೂ ಹೇಳುವುದಿಲ್ಲ. ಉತ್ತರ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರ, ಅಲ್ಲಿನ ಒಂದು ಪ್ರೌಢಶಾಲೆ, ಅಲ್ಲಿ ನಾನು ದೈಹಿಕ ಶಿಕ್ಷಣ ಶಿಕ್ಷಕ. ಇಷ್ಟು ಸಾಕು. ಅಳತೆಗಳನ್ನು ಮಾತ್ರ ಬಿಡದೆ ಕೊಡುತ್ತೇನೆ, ಏಕೆಂದರೆ ಇಡೀ ವಿಷಯ ನಿಂತಿರುವುದು ಅಳತೆಯ ಮೇಲೆ.

ಹಿನ್ನೆಲೆ

ಸ್ವಾತಂತ್ರ್ಯ ದಿನಾಚರಣೆಗೆ ತಾಲ್ಲೂಕು ಕ್ರೀಡಾಂಗಣದಲ್ಲಿ ಸಾಮೂಹಿಕ ಲೇಜಿಮ್ ಪ್ರದರ್ಶನ ನೀಡುವ ಸರದಿ ಆ ವರ್ಷ ನಮ್ಮ ಶಾಲೆಗೆ ಬಂದಿತ್ತು. ಎಂಟು, ಒಂಬತ್ತು ಮತ್ತು ಹತ್ತನೆಯ ತರಗತಿಗಳಿಂದ 192 ಮಕ್ಕಳನ್ನು ಆರಿಸಿದೆ. ಒಂದು ಸಾಲಿಗೆ 12 ಮಂದಿಯಂತೆ 16 ಸಾಲು. ತಾಳಕ್ಕೆ ಹಲಗಿ (ಕೋಲಿನಿಂದ ಬಾರಿಸುವ ತೊಗಲಿನ ವಾದ್ಯ) ಹಿಡಿದ ನಾಲ್ವರು ಹುಡುಗರು. ನಿಮಿಷಕ್ಕೆ 100 ಪೆಟ್ಟು, ಅಂದರೆ ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವೆ 0.6 ಸೆಕೆಂಡು.

ಲೇಜಿಮ್ ಕಂಡವರಿಗೆ ಗೊತ್ತು, ಅದು ಕಣ್ಣಿಗೆ ಎಷ್ಟೋ ಕಿವಿಗೂ ಅಷ್ಟೇ. ಮರದ ಹಿಡಿ, ಅದಕ್ಕೆ ಬಿಗಿದ ಕಬ್ಬಿಣದ ಸರಪಳಿ, ಸರಪಳಿಯ ತುಂಬ ಬಿಲ್ಲೆಗಳು. ಕವಾಯತಿನಲ್ಲಿ ಒಬ್ಬನ ಕೈ ಸ್ವಲ್ಪ ಹಿಂದುಮುಂದಾದರೆ ಯಾರಿಗೂ ತಿಳಿಯದೆ ಹೋಗಬಹುದು, ಲೇಜಿಮ್‌ನಲ್ಲಿ ಹೋಗುವುದಿಲ್ಲ. 192 ಸರಪಳಿಗಳು ಒಂದೇ ಗಳಿಗೆಗೆ ಬಿದ್ದರೆ ‘ಝಲ್’ ಎಂದು ಮೈ ಜುಮ್ಮೆನ್ನುತ್ತದೆ. ಹಾಗೆ ಬೀಳದಿದ್ದರೆ ಪಾತ್ರೆಯ ಅಂಗಡಿಯಲ್ಲಿ ಕಪಾಟು ಉರುಳಿದ ಸದ್ದಾಗುತ್ತದೆ.

ಶಾಲೆಯ ಅಂಗಳದಲ್ಲಿ ಐದು ವಾರ ಅಭ್ಯಾಸ ನಡೆಯಿತು. ಅಂಗಳ ಚಿಕ್ಕದು. ಸಾಲಿನಿಂದ ಸಾಲಿಗೆ ಒಂದೂವರೆ ಮೀಟರ್ ಬಿಟ್ಟರೆ ಹದಿನಾರು ಸಾಲಿಗೆ 22.5 ಮೀಟರ್ ಆಯಿತು. ಹಲಗಿಯವರು ಪಕ್ಕದಲ್ಲಿ, ಬೇವಿನ ಮರದ ಕೆಳಗೆ, ಹೆಚ್ಚುಕಡಿಮೆ ನಡುವಿನ ಸಾಲಿನ ನೇರಕ್ಕೆ ನಿಲ್ಲುತ್ತಿದ್ದರು. ನಾಲ್ಕು ಎಣಿಕೆಯ ‘ಚಾರ್ ಆವಾಜ್’, ಎಂಟು ಎಣಿಕೆಯ ‘ಆಠ್ ಆವಾಜ್’ ಎಂಬ ವರಸೆಗಳೆರಡೂ ಕೂದಲೆಳೆಯಷ್ಟೂ ಅತ್ತಿತ್ತ ಆಗದ ಹಾಗೆ ಕೂಡಿಬಂದವು. ಮುಖ್ಯೋಪಾಧ್ಯಾಯರು ಮೆಟ್ಟಿಲ ಮೇಲೆ ನಿಂತು ನೋಡಿ, "ಇನ್ನು ಮಕ್ಕಳನ್ನು ದಣಿಸಬೇಡಿ, ಸಾಕು" ಎಂದರು.

ಸಮಸ್ಯೆ

ಪ್ರದರ್ಶನಕ್ಕೆ ಒಂಬತ್ತು ದಿನ ಉಳಿದಿರುವಾಗ ಕ್ರೀಡಾಂಗಣದಲ್ಲಿ ಮೊದಲ ಪೂರ್ವಾಭ್ಯಾಸವಾಯಿತು. ಮೈದಾನ ತುಂಬಿದ ಹಾಗೆ ಕಾಣಬೇಕೆಂದು ಆಚರಣಾ ಸಮಿತಿಯವರು ಹೇಳಿದ್ದರಿಂದ ಸಾಲುಗಳ ನಡುವೆ ನಾಲ್ಕು ಮೀಟರ್ ಬಿಟ್ಟೆವು. ಮೊದಲ ಸಾಲು ವೇದಿಕೆಯಿಂದ 15 ಮೀಟರ್, ಕೊನೆಯ ಸಾಲು 75 ಮೀಟರ್. ಹಲಗಿಯವರು ವೇದಿಕೆಯ ಪಕ್ಕದಲ್ಲಿ, ಅವರ ಮುಂದೆ ಮೈಕು, ಕಂಬದ ಮೇಲೆ ಮೈದಾನದ ಕಡೆಗೆ ಮುಖ ಮಾಡಿದ ಎರಡು ಹಾರ್ನ್‌ಗಳು.

ಮೊದಲ ಎಂಟು ಪೆಟ್ಟಿಗೇ ನನ್ನ ಎದೆ ಒಡೆಯಿತು. ಮುಂದಿನವರ ‘ಝಲ್’ ಬಂದ ಮೇಲೆ, ಮುಂದಿನ ಪೆಟ್ಟು ಬರುವ ಮೊದಲು, ನಡುವೆ ಇನ್ನೊಂದು ‘ಝಲ್’ ಕೇಳುತ್ತಿತ್ತು. ಎರಡರ ನಡುವೆ ಉಳಿದವರದು ಚೂರುಚೂರಾಗಿ ಉದುರುತ್ತಿತ್ತು. ಇವು ಐದು ವಾರ ಒಂದಾಗಿ ಆಡಿದ ಮಕ್ಕಳೇ ಎಂದು ನಂಬುವುದು ಕಷ್ಟವಾಯಿತು. ಸಮಿತಿಯ ಹಿರಿಯರೊಬ್ಬರು "ಹಿಂದಿನ ಸಾಲುಗಳಲ್ಲಿ ದಡ್ಡರನ್ನು ಹಾಕಿದ್ದೀರಾ ಮಾಸ್ತರರೇ?" ಎಂದು ಕೇಳಿದರು. ಆ ಮಾತಿಗೆ ನಾನು ಎದುರಾಡಲಿಲ್ಲ. ನನಗೂ ಹಾಗೆಯೇ ಅನ್ನಿಸಿತ್ತು.

ಕೊನೆಯ ಸಾಲಿನ ನಡುವಿನಲ್ಲಿದ್ದ ಒಬ್ಬ ಹುಡುಗನ ಮೇಲೆ ನನ್ನ ಕಣ್ಣು ಬಿತ್ತು. ಒಂಬತ್ತನೆಯ ತರಗತಿಯವನು, ಮಾತು ಕಡಿಮೆ. ಎಲ್ಲರಿಗಿಂತ ಅವನೇ ತಡ ಎಂದು ದೂರದಿಂದ ಕಂಡಿತು. ಹತ್ತಿರ ಹೋಗಿ ಗದರಿದೆ. ಅವನು ತಲೆ ತಗ್ಗಿಸಿ ಹೇಳಿದ ಮಾತು ಇದು: "ಸರ್, ಕಣ್ಣಿಗೆ ಮುಂದಿನವರು ಮೊದಲು ಕಾಣುತ್ತಾರೆ. ಕಿವಿಗೆ ಹಲಗಿ ಆಮೇಲೆ ಬರುತ್ತದೆ. ಯಾವುದನ್ನು ಹಿಡಿಯಲಿ?"

ಇಡೀ ಸಮಸ್ಯೆಯ ಕಾರಣ ಏನೆಂಬುದು ಆ ಒಂದು ಮಾತಿನಲ್ಲಿತ್ತು. ನಾನು ಅದನ್ನು ನೆಪ ಎಂದುಕೊಂಡೆ. ಈ ಪ್ರಕರಣವನ್ನು ಬರೆಯಲು ಮುಖ್ಯ ಕಾರಣವೇ ಅದು.

ಮಾಡಿ ನೋಡಿದ್ದು

ಮೊದಲ ಎರಡು ದಿನ ನನಗೆ ಗೊತ್ತಿದ್ದ ಒಂದೇ ಮದ್ದು ಕೊಟ್ಟೆ: ಇನ್ನಷ್ಟು ಅಭ್ಯಾಸ. ಬಿಸಿಲಲ್ಲಿ ದಿನಕ್ಕೆ ಎರಡೂವರೆ ಗಂಟೆ. ಏನೂ ಬದಲಾಗಲಿಲ್ಲ. ಆಮೇಲೆ ಮೈಕ್‌ಸೆಟ್‌ನವರಿಗೆ ಸದ್ದು ಏರಿಸಲು ಹೇಳಿದೆ. ಹಲಗಿ ಊರಾಚೆಗೂ ಕೇಳಿತು, ಹಿಂದಿನವರು ತಡವಾಗುವುದು ಮಾತ್ರ ಅಷ್ಟೇ ಉಳಿಯಿತು. ಆಗಲೇ ನಾನು ಯೋಚಿಸಬೇಕಿತ್ತು. ಕೇಳದೆ ತಪ್ಪುತ್ತಿದ್ದರೆ ಸದ್ದು ಏರಿಸಿದಾಗ ಸರಿಹೋಗಬೇಕು. ಸರಿಹೋಗಲಿಲ್ಲ ಎಂದರೆ ಕೇಳುವುದರಲ್ಲಿ ಕೊರತೆಯಿಲ್ಲ ಎಂದರ್ಥ.

ಮೂರನೆಯ ದಿನ ಆ ಹುಡುಗನನ್ನು ಎರಡನೆಯ ಸಾಲಿಗೆ ತಂದು, ಅಲ್ಲಿದ್ದ ನನ್ನ ಅತ್ಯುತ್ತಮ ವಿದ್ಯಾರ್ಥಿನಿಯನ್ನು ಅವನ ಜಾಗಕ್ಕೆ ಕಳುಹಿಸಿದೆ. ಅವಳು ಮನೆಯಲ್ಲಿ ಭಜನೆಗೆ ತಾಳ ಹಾಕಿ ಬೆಳೆದವಳು, ಎಣಿಕೆ ತಪ್ಪಿದ್ದನ್ನು ನಾನು ಕಂಡೇ ಇರಲಿಲ್ಲ. ಹುಡುಗ ಕಣ್ಣೆದುರು ಇದ್ದರೆ ಸರಿಯಾಗುತ್ತಾನೆ, ಹಿಂದೆ ಅವಳು ನಿಂತರೆ ಅಕ್ಕಪಕ್ಕದವರನ್ನು ಹಿಡಿದು ನಡೆಸುತ್ತಾಳೆ ಎಂಬುದು ನನ್ನ ಲೆಕ್ಕ. ಹಲಗಿ ಶುರುವಾಯಿತು. ಹುಡುಗ ಮೊದಲ ಪೆಟ್ಟಿನಿಂದಲೇ ಪಕ್ಕದವರೊಂದಿಗೆ ಒಂದಾಗಿಹೋದ. ಕೊನೆಯ ಸಾಲಿನಲ್ಲಿ ಅವಳು ತಡವಾದಳು, ಅವನು ಎಷ್ಟು ತಡವಾಗುತ್ತಿದ್ದನೋ ಹೆಚ್ಚುಕಡಿಮೆ ಅಷ್ಟೇ.

ಶಿಕ್ಷೆಯ ಹಾಗೆ ಮಾಡಿದ ಅದಲುಬದಲು ನನಗೆ ಗೊತ್ತಿಲ್ಲದೆಯೇ ಒಂದು ಪರೀಕ್ಷೆಯಾಗಿಬಿಟ್ಟಿತ್ತು. ತಪ್ಪು ಮಗುವಿನೊಂದಿಗೆ ಹೋಗಲಿಲ್ಲ, ಜಾಗದಲ್ಲೇ ಉಳಿಯಿತು.

ಅಂದು ಸಂಜೆ ನಮ್ಮ ವಿಜ್ಞಾನ ಶಿಕ್ಷಕಿಗೆ ಇದನ್ನು ಹೇಳಿದೆ. ಅವರು ಹೆಚ್ಚು ಮಾತಾಡಲಿಲ್ಲ. "ಕೆರೆಯ ಆಚೆ ದಡದಲ್ಲಿ ಬಟ್ಟೆ ಒಗೆಯುವವರನ್ನು ನೋಡಿದ್ದೀರಲ್ಲ ಸರ್? ಬಟ್ಟೆ ಕಲ್ಲಿಗೆ ಬಿದ್ದಾಗ ಸದ್ದಿರುವುದಿಲ್ಲ. ಮತ್ತೆ ಮೇಲೆತ್ತಿದಾಗ ಕೇಳುತ್ತದೆ" ಎಂದರು. ಮರುದಿನ ನಾನು ಕೊನೆಯ ಸಾಲಿನಲ್ಲಿ ನಿಂತು ಹಲಗಿಯವನ ಕೈ ನೋಡಿದೆ. ಕೋಲು ತೊಗಲಿಗೆ ತಗುಲಿ ಮೇಲೆದ್ದ ಮೇಲೆ ಹಾರ್ನಿನ ಸದ್ದು ನನಗೆ ಬಂತು.

ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 345 ಮೀಟರ್ ಹೋಗುತ್ತದೆ. 75 ಮೀಟರ್ ದಾಟಲು ಸುಮಾರು 0.22 ಸೆಕೆಂಡು, ಮೊದಲ ಸಾಲಿನ 15 ಮೀಟರಿಗೆ 0.04. ಹಾಗಾಗಿ ಮೊದಲ ಸಾಲಿಗೂ ಕೊನೆಯ ಸಾಲಿಗೂ ಹಲಗಿ ಕೇಳುವುದರಲ್ಲಿ 0.17 ಸೆಕೆಂಡಿನ ಅಂತರ. ಶಿಕ್ಷಕಿ ಮೈದಾನದ ಪಕ್ಕದಿಂದ ಎರಡೂ ತುದಿ ಕಾಣುವಂತೆ ಮೊಬೈಲಿನಲ್ಲಿ ವಿಡಿಯೊ ತೆಗೆದು, ಸೆಕೆಂಡಿಗೆ 30 ಚಿತ್ರಗಳ ಲೆಕ್ಕದಲ್ಲಿ ಒಂದೊಂದೇ ಚಿತ್ರ ಸರಿಸಿ ಎಣಿಸಿದರು. ಮುಂದಿನವರ ಕೈ ಕೆಳಗೆ ಬಂದ ಐದು ಚಿತ್ರಗಳಾದ ಮೇಲೆ ಹಿಂದಿನವರದು. ಐದು ಚಿತ್ರ ಎಂದರೆ 0.17 ಸೆಕೆಂಡು. ಮಕ್ಕಳು ತಮಗೆ ಕೇಳಿದ ಪೆಟ್ಟಿಗೆ ಸರಿಯಾಗಿಯೇ ಕೂಡಿಸುತ್ತಿದ್ದರು.

ವೇದಿಕೆಯಲ್ಲಿ ಕೂತವರ ಕಿವಿಗೆ ಈ ಅಂತರ ಎರಡು ಪಟ್ಟು. ಹಲಗಿಯ ಸದ್ದು ಹಿಂದಿನ ಸಾಲಿಗೆ ಹೋಗಬೇಕು, ಅಲ್ಲಿಯ ಸರಪಳಿಯ ಸದ್ದು ಅಷ್ಟೇ ದೂರ ಮರಳಿ ಬರಬೇಕು. ಒಟ್ಟು 0.35 ಸೆಕೆಂಡು, ಒಂದು ಪೆಟ್ಟಿನ ಅರ್ಧಕ್ಕಿಂತ ಹೆಚ್ಚು. ಎರಡು ಪೆಟ್ಟುಗಳ ನಡುವೆ ಕೇಳಿಸುತ್ತಿದ್ದ ಆ ಎರಡನೆಯ ‘ಝಲ್’ ಅದೇ.

ತಾಳಕ್ಕೆ ಮೈ ಕೂಡುವುದು ಹೇಗೆ

ಇಲ್ಲಿ ಸ್ವಲ್ಪ ನಿಲ್ಲಬೇಕು. ನನ್ನಂಥ ಶಿಕ್ಷಕರು ಎರಡು ಬೇರೆ ಬೇರೆ ಕೆಲಸಗಳನ್ನು ಒಂದೇ ಎಂದುಕೊಳ್ಳುತ್ತೇವೆ. ಸೀಟಿ ಊದಿದಾಗ ಮಗು ಓಡುವುದು ಒಂದು, ಹಲಗಿಗೆ ಹೆಜ್ಜೆ ಹಾಕುವುದು ಇನ್ನೊಂದು. ಸೀಟಿ ಯಾವಾಗ ಎಂದು ಮಗುವಿಗೆ ಗೊತ್ತಿಲ್ಲ. ಅದನ್ನು ಕೇಳಿ, ಮೈ ಕದಲಿಸಲು ಚುರುಕಾದವರಿಗೂ ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚೇ ಹಿಡಿಯುತ್ತದೆ. ಅದಕ್ಕೇ ಅಂತರರಾಷ್ಟ್ರೀಯ ಓಟದಲ್ಲಿ ಸದ್ದಾದ 0.1 ಸೆಕೆಂಡಿನೊಳಗೆ ಕದಲಿದವರು ಕೇಳಿ ಹೊರಟವರಲ್ಲ, ಊಹಿಸಿ ಹೊರಟವರು ಎಂದು ತೀರ್ಮಾನಿಸುತ್ತಾರೆ.

ಹಲಗಿಯ ವಿಷಯದಲ್ಲಿ ಊಹೆಯೇ ಕೆಲಸ. ಎರಡು ಮೂರು ಪೆಟ್ಟು ಕೇಳುತ್ತಲೇ ಮುಂದಿನದು ಯಾವಾಗ ಎಂದು ಮೈಗೆ ತಿಳಿಯುತ್ತದೆ, ಕೈ ಮೊದಲೇ ಹೊರಡುತ್ತದೆ. ಬೆರಳಿನಿಂದ ತಾಳ ಕುಟ್ಟಿಸಿ ನೋಡುವ ಪ್ರಯೋಗಗಳು ನೂರು ವರ್ಷಕ್ಕೂ ಹಿಂದಿನಿಂದ ನಡೆದುಬಂದಿವೆ. ಸಾಮಾನ್ಯ ಜನರ ಬೆರಳು ಪೆಟ್ಟಿಗಿಂತ ಸೆಕೆಂಡಿನ ಕೆಲವು ನೂರನೆಯ ಭಾಗದಷ್ಟು ಮೊದಲೇ ಬೀಳುತ್ತದೆ, ಹಾಗೆ ಮೊದಲೇ ಬಿತ್ತೆಂದು ಕುಟ್ಟುವವರಿಗೆ ಅನ್ನಿಸುವುದೂ ಇಲ್ಲ. ಸಂಗೀತದಲ್ಲಿ ಪಳಗಿದವರಲ್ಲಿ ಈ ಅಂತರ ಕಡಿಮೆ. ಪೆಟ್ಟು ಸ್ವಲ್ಪ ಸರಿದರೆ ಬೆರಳೂ ಮುಂದಿನ ಸುತ್ತಿನಲ್ಲಿ ತಾನಾಗಿಯೇ ಸರಿದುಕೊಳ್ಳುತ್ತದೆ, ಸರಿದದ್ದು ಅರಿವಿಗೆ ಬಾರದಷ್ಟು ಚಿಕ್ಕದಾದರೂ ಸಹ.

ಈ ಗುಣವೇ ಮೈದಾನದಲ್ಲಿ ನಮಗೆ ಮುಳುವಾಯಿತು. ಕೊನೆಯ ಸಾಲಿನ ಮಗು ತನಗೆ ತಲುಪಿದ ಪೆಟ್ಟಿಗೆ ಮೈಯನ್ನು ನಿಷ್ಠೆಯಿಂದ ಹೊಂದಿಸಿಕೊಳ್ಳುತ್ತದೆ. ನಾನು ಗದರಿದಷ್ಟೂ ಇನ್ನೂ ಗಮನವಿಟ್ಟು ಕೇಳುತ್ತದೆ, ಗಮನವಿಟ್ಟು ಕೇಳಿದಷ್ಟೂ ಖಚಿತವಾಗಿ 0.17 ಸೆಕೆಂಡು ಹಿಂದೆ ಉಳಿಯುತ್ತದೆ. ತಪ್ಪಿಸಿಕೊಳ್ಳಲು ಕೆಲವರು ಮುಂದಿನವರ ಕೈ ನೋಡಿ ಹೊಡೆದರು, ಕೆಲವರು ಕಿವಿಯನ್ನೇ ನಂಬಿದರು. ಒಂದೇ ಸಾಲಿನೊಳಗೆ ಎರಡು ಪಂಗಡವಾದ್ದರಿಂದಲೇ ಸದ್ದು ಚೂರಾಗುತ್ತಿದ್ದದ್ದು. ಎಲ್ಲರೂ ಒಂದೇ ಸಮನೆ ತಡವಾಗಿದ್ದರೆ ಅಷ್ಟು ಕೆಟ್ಟದಾಗಿ ಕೇಳುತ್ತಿರಲಿಲ್ಲ.

ನನಗೆ ಇನ್ನೂ ನೋವಾಗುವ ಒಂದು ಸಂಗತಿ ಇದೆ. 400 ಮೀಟರ್ ಓಟದಲ್ಲಿ ಓಟಗಾರರು ಮೆಟ್ಟಿಲ ಹಾಗೆ ಮುಂದೆ ಮುಂದೆ ನಿಲ್ಲುತ್ತಾರೆ, ಹೊರಗಿನ ಲೇನಿನವನಿಗೆ ಪಿಸ್ತೂಲಿನ ಸದ್ದು ತಡವಾಗಿ ಮುಟ್ಟಬಾರದೆಂದು ಒಲಿಂಪಿಕ್ಸ್‌ನಲ್ಲಿ ಪ್ರತಿಯೊಬ್ಬರ ಹಿಂದೆ ಒಂದೊಂದು ಸ್ಪೀಕರ್ ಇಡುತ್ತಾರೆ. ಇದನ್ನು ನಾನು ಎಷ್ಟೋ ವರ್ಷದಿಂದ ಮಕ್ಕಳಿಗೆ ಪಾಠ ಮಾಡಿದ್ದೇನೆ. ಅದು ನಮ್ಮ ಮೈದಾನಕ್ಕೂ ಅನ್ವಯಿಸುತ್ತದೆಂದು ಆ ಒಂಬತ್ತು ದಿನಗಳ ಮೊದಲು ಹೊಳೆದಿರಲಿಲ್ಲ.

ಎರಡನೆಯ ಹಾರ್ನ್, ಹುಣಸೆ ಮರದ ನೆರಳು

ಕಾರಣ ತಿಳಿದ ಮೇಲೆ ಪರಿಹಾರ ಸುಲಭ ಎಂದುಕೊಂಡೆವು. ಮೈದಾನದ ಅಂಚಿನುದ್ದಕ್ಕೂ ವೈರ್ ಎಳೆಸಿ ಕೊನೆಯ ಸಾಲಿನ ಹಿಂದೆ ಇನ್ನೊಂದು ಹಾರ್ನ್ ನಿಲ್ಲಿಸಿದೆವು. ವೈರಿನಲ್ಲಿ ಸದ್ದಿಗೆ ತಡವಿಲ್ಲ, ಹಿಂದಿನವರಿಗೂ ಪೆಟ್ಟು ತಕ್ಷಣ ಸಿಗುತ್ತದೆ. ಸಿಕ್ಕಿತು. ಆದರೆ ಮುಂದಿನ ಹಾರ್ನಿನ ಸದ್ದು 0.2 ಸೆಕೆಂಡು ತಡವಾಗಿ ಅವರಿಗೆ ಬರುವುದು ನಿಲ್ಲಲಿಲ್ಲ. ಮುಂದಿನ ಸಾಲಿನವರಿಗೆ ಹಿಂದಿನ ಹಾರ್ನಿನದು ತಡವಾಗಿ ಬಂತು. ನಡುವಿನವರಿಗೆ ಎರಡೂ ಹತ್ತಿರ ಹತ್ತಿರ ಒಟ್ಟಿಗೆ, ಆದರೆ ಎರಡೂ 0.1 ಸೆಕೆಂಡಿನಷ್ಟು ತಡವಾಗಿ ಕೇಳಿದವು. ಮೈದಾನದ ತುಂಬ ಒಂದೊಂದು ಪೆಟ್ಟಿಗೂ ಎರಡೆರಡು ಪೆಟ್ಟು. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಲೇಜಿಮ್ ಕೆಳಗಿಟ್ಟು ಅತ್ತುಬಿಟ್ಟಳು. ಉಳಿದದ್ದು ನಾಲ್ಕು ದಿನ. ಅಭ್ಯಾಸ ನಿಲ್ಲಿಸಿ ಎಲ್ಲರಿಗೂ ನೀರು ಕುಡಿಯಲು ಹೇಳಿದೆ.

ಮೈದಾನದ ಹಿಂಭಾಗದಲ್ಲಿ ಒಂದು ಹುಣಸೆ ಮರವಿದೆ. ಹಲಗಿಯ ಹುಡುಗರು ಅದರ ನೆರಳಿಗೆ ಹೋಗಿ ಕೂತಿದ್ದರು. ಕೂತವರು ಸುಮ್ಮನಿರದೆ ಬಾರಿಸತೊಡಗಿದರು. ಜಾಗ ಬಿಡದೆ ನಿಂತಿದ್ದ ಮಕ್ಕಳು, ಯಾರೂ ಹೇಳದೆಯೇ, ಲೇಜಿಮ್ ಎತ್ತಿಕೊಂಡರು. ನಾನು ವೇದಿಕೆಯ ಹತ್ತಿರ ಮೈದಾನಕ್ಕೆ ಬೆನ್ನು ಮಾಡಿ ಮೈಕ್‌ಸೆಟ್‌ನವರೊಂದಿಗೆ ವೈರಿನ ವಿಷಯ ಮಾತಾಡುತ್ತಿದ್ದೆ. ಹಿಂದಿನಿಂದ ಒಂದೇ ಒಂದು ‘ಝಲ್’ ಬಂತು. ಮತ್ತೆ ಒಂದು. ಮತ್ತೆ ಒಂದು. ಐದು ವಾರ ಅಂಗಳದಲ್ಲಿ ಕೇಳಿದ್ದಕ್ಕಿಂತ ಬಿಗಿಯಾಗಿತ್ತು.

ತಿರುಗಿ ನೋಡಿದೆ. ಕಣ್ಣಿಗೆ ಸಾಲುಗಳು ಒಂದಾಗಿರಲಿಲ್ಲ. ಹಿಂದಿನಿಂದ ಮುಂದಕ್ಕೆ ಜೋಳದ ಹೊಲದ ಮೇಲೆ ಗಾಳಿ ಸುಳಿದ ಹಾಗೆ ಒಂದು ಅಲೆ ಬರುತ್ತಿತ್ತು. ಕಿವಿಗೆ ಮಾತ್ರ ಎಲ್ಲವೂ ಒಂದು.

ವಿಜ್ಞಾನ ಶಿಕ್ಷಕಿ ಅಲ್ಲೇ ಮಣ್ಣಿನ ಮೇಲೆ ಗೆರೆ ಎಳೆದು ತೋರಿಸಿದರು. ಹಲಗಿ ಹಿಂದೆ ಇದ್ದರೆ ಅದರ ಸದ್ದು ವೇದಿಕೆಯ ಕಡೆಗೆ ಹೊರಟು ದಾರಿಯಲ್ಲಿ ಒಂದೊಂದೇ ಸಾಲನ್ನು ಮುಟ್ಟುತ್ತದೆ. ಮುಟ್ಟಿದ ಗಳಿಗೆಯಲ್ಲೇ ಆ ಸಾಲಿನ ಸರಪಳಿ ಬೀಳುತ್ತದೆ, ಆ ಸದ್ದು ಹಲಗಿಯ ಸದ್ದಿನ ಜೊತೆಗೂಡಿ ಮುಂದೆ ಸಾಗುತ್ತದೆ. ಹೀಗೆ ಹದಿನಾರು ಸಾಲುಗಳ ಸದ್ದು ಒಂದೇ ಮೆರವಣಿಗೆಯಾಗಿ ವೇದಿಕೆಗೆ ತಲುಪುತ್ತದೆ. ಮೈದಾನದಲ್ಲಿ ನುಡಿಸುತ್ತ ನಡೆಯುವ ದೊಡ್ಡ ಬ್ಯಾಂಡ್‌ಗಳು ಡೋಲುಗಳನ್ನು ಹಿಂದಿಟ್ಟು, ಮುಂದಿನವರಿಗೆ ಹಿಂದಿನ ಡೋಲನ್ನೇ ಕೇಳಿಸಿಕೊಂಡು ನುಡಿಸಲು ಕಲಿಸುವುದಕ್ಕೆ ಕಾರಣ ಇದೇ ಎಂದು ನನಗೆ ಗೊತ್ತಾದದ್ದು ಆಮೇಲೆ.

ತೀರ್ಮಾನ

ಕಿವಿಯನ್ನು ಉಳಿಸಿದರೆ ಕಣ್ಣು ಹೋಗುತ್ತದೆ, ಕಣ್ಣನ್ನು ಉಳಿಸಿದರೆ ಕಿವಿ. 60 ಮೀಟರ್ ಆಳದಲ್ಲಿ ಎರಡನ್ನೂ ಉಳಿಸುವ ದಾರಿ ನಮಗೆ ಸಿಗಲಿಲ್ಲ. ಹಾರ್ನ್‌ಗಳನ್ನು ಬಿಟ್ಟು, ಒಬ್ಬ ಹುಡುಗನನ್ನು ಮೇಜಿನ ಮೇಲೆ ನಿಲ್ಲಿಸಿ ಅವನ ಕೈಯ ಬಾವುಟ ನೋಡಿ ಎಲ್ಲರೂ ಹೊಡೆಯಲಿ ಎಂಬ ಸಲಹೆ ಬಂತು. ಬೆಳಕಿಗೆ ತಡವಿಲ್ಲ, ನಿಜ. ಆದರೆ ತಾಳ ಹಿಡಿಯುವುದರಲ್ಲಿ ಮನುಷ್ಯನ ಕಣ್ಣು ಕಿವಿಯಷ್ಟು ಗಟ್ಟಿಯಲ್ಲ. ಮೇಲಾಗಿ ಲೇಜಿಮ್‌ನಲ್ಲಿ ಬಾಗುವುದಿದೆ, ತಿರುಗುವುದಿದೆ. ಬಾಗಿದ ಮಗುವಿಗೆ ಬಾವುಟ ಕಾಣುವುದಿಲ್ಲ. ಅರ್ಧ ಗಂಟೆ ನೋಡಿ ಬಿಟ್ಟೆವು.

ಕೊನೆಗೆ ಆಳವನ್ನೇ ಕಡಿಮೆ ಮಾಡಲು ನಿರ್ಧರಿಸಿದೆ. 16 ಸಾಲಿನ ಬದಲು 8, ಸಾಲಿಗೆ 24 ಮಂದಿ, ಸಾಲುಗಳ ನಡುವೆ ಮೂರು ಮೀಟರ್. ಆಳ 60 ಮೀಟರಿನಿಂದ 21 ಮೀಟರಿಗೆ ಇಳಿಯಿತು. ಹಲಗಿಯವರು ಕೊನೆಯ ಸಾಲಿನಿಂದ ಹತ್ತು ಮೀಟರ್ ಹಿಂದೆ, ಮೈಕಿಲ್ಲದೆ. ಹತ್ತು ಮೀಟರ್ ಬಿಟ್ಟದ್ದು ಎರಡೂ ತುದಿಯ ಮಕ್ಕಳಿಗಾಗಿ. ಹಲಗಿ ತೀರ ಹತ್ತಿರ ಇದ್ದರೆ ನಡುವಿನವರಿಗೂ ತುದಿಯವರಿಗೂ ದೂರದ ವ್ಯತ್ಯಾಸ ಹೆಚ್ಚುತ್ತದೆ.

ಸಮಿತಿಯನ್ನು ಒಪ್ಪಿಸುವುದು ಭೌತವಿಜ್ಞಾನಕ್ಕಿಂತ ಕಷ್ಟವಾಯಿತು. ಮೈದಾನ ಖಾಲಿ ಕಾಣುತ್ತದೆ ಎಂಬುದು ಅವರ ಆಕ್ಷೇಪ. ಸದ್ದಿನ ಲೆಕ್ಕ ಹೇಳಿದರೆ ಯಾರೂ ಕಿವಿಗೊಡಲಿಲ್ಲ. ಆಗ ಆ ಹಿರಿಯರನ್ನೇ ವೇದಿಕೆಯ ಕುರ್ಚಿಯಲ್ಲಿ ಕೂರಿಸಿ ಎರಡೂ ಜೋಡಣೆಗಳನ್ನು ತೋರಿಸಿದೆ. ಕೂತ ಎತ್ತರದಿಂದ ಆಳ ಕಾಣುವುದೇ ಇಲ್ಲ, ಅಗಲ ಮಾತ್ರ ಕಾಣುತ್ತದೆ. 24 ಮಂದಿಯ ಸಾಲು ಮೈದಾನವನ್ನು ಇನ್ನೂ ತುಂಬಿದ ಹಾಗೆ ತೋರಿಸಿತು. ಅವರು ಒಪ್ಪಿದರು.

ಕೊನೆಯ ಮೂರು ನಿಮಿಷ ಧ್ವನಿಮುದ್ರಿತ ದೇಶಭಕ್ತಿ ಗೀತೆಗೆ ಆಡಬೇಕೆಂಬ ಷರತ್ತು ಹಾಗೆಯೇ ಉಳಿದಿತ್ತು. ಅದು ಬರುವುದು ವೇದಿಕೆಯ ಹಾರ್ನಿನಿಂದಲೇ. ಅಲ್ಲಿ ಎಲ್ಲರೂ ಒಟ್ಟಿಗೆ ಹೊಡೆಯುವ ಚಲನೆಯನ್ನೇ ತೆಗೆದುಹಾಕಿದೆವು. ಮೊದಲ ಸಾಲು ಒಂದನೆಯ ಎಣಿಕೆಗೆ, ಎರಡನೆಯ ಸಾಲು ಎರಡನೆಯ ಎಣಿಕೆಗೆ, ಹೀಗೆ ಎಂಟು ಎಣಿಕೆಗೆ ಎಂಟು ಸಾಲು ಏಳುವ ಅಲೆ ಮಾಡಿದೆವು. 0.6 ಸೆಕೆಂಡಿನ ಹೆಜ್ಜೆಗಳ ನಡುವೆ 0.06 ಸೆಕೆಂಡಿನ ತಡ ಯಾರ ಕಣ್ಣಿಗೂ ಬೀಳಲಿಲ್ಲ.

ಈ ಜೋಡಣೆ ಅಭ್ಯಾಸ ಮಾಡಿಸುವ ಮೊದಲು ನಾನು ಮಾಡಬೇಕಾದ ಇನ್ನೊಂದು ಕೆಲಸವಿತ್ತು. 192 ಮಕ್ಕಳ ಎದುರಿಗೆ ಆ ಹುಡುಗನನ್ನು ಕರೆದು, ಅವನು ಹೇಳಿದ್ದೇ ಸರಿ, ನಾನು ಗದರಿದ್ದು ತಪ್ಪು ಎಂದು ಹೇಳಿದೆ. ಅವನು ಕೇಳಿದ ಪ್ರಶ್ನೆಗೆ ಉತ್ತರವನ್ನೂ ಎಲ್ಲರಿಗೂ ಕೊಟ್ಟೆ: ಹಲಗಿಯನ್ನು ಹಿಡಿಯಿರಿ, ಮುಂದಿನವರ ಕೈ ನೋಡಬೇಡಿ.

ಏನಾಯಿತು

ಆಗಸ್ಟ್ 15ರ ಬೆಳಿಗ್ಗೆ ಜಿಟಿಜಿಟಿ ಮಳೆ. ಮೈದಾನ ಒದ್ದೆ, ನಾಲ್ಕೈದು ಮಕ್ಕಳು ತಿರುಗುವಾಗ ಜಾರಿದರು. ‘ಆಠ್ ಆವಾಜ್’ ಶುರುವಾಗುವಲ್ಲಿ ಬಲತುದಿಯ ಒಂದು ಗುಂಪು ಒಂದು ಪೆಟ್ಟು ಮೊದಲೇ ಹೊರಟಿತು, ನಾಲ್ಕು ಎಣಿಕೆಯೊಳಗೆ ತಾನೇ ಸರಿಪಡಿಸಿಕೊಂಡಿತು. ಉಳಿದಂತೆ ವೇದಿಕೆಯ ಬಳಿ ನಿಂತ ನನಗೆ ಕೊನೆಯವರೆಗೂ ಒಂದೇ ‘ಝಲ್’ ಕೇಳಿತು. ಪಕ್ಕದಿಂದ ತೆಗೆದ ವಿಡಿಯೊದಲ್ಲಿ ಮುಂದಿನ ಮತ್ತು ಹಿಂದಿನ ಸಾಲಿನ ಅಂತರ ಐದು ಚಿತ್ರಗಳಿಂದ ಎರಡಕ್ಕೆ ಇಳಿದಿತ್ತು. ಪಕ್ಕದ ಗ್ಯಾಲರಿಯಲ್ಲಿ ಕೂತಿದ್ದ ತಾಯಿಯೊಬ್ಬರು ಆಮೇಲೆ ಬಂದು, ಸಾಲುಗಳು ಹಿಂದಿನಿಂದ ಮುಂದಕ್ಕೆ ಸ್ವಲ್ಪ ಸರಿದ ಹಾಗೆ ಕಂಡಿತೆಂದು ಹೇಳಿದರು. ಅವರು ಕಂಡದ್ದು ನಿಜ. ವೇದಿಕೆಯವರ ಕಿವಿಗಾಗಿ ಪಕ್ಕದವರ ಕಣ್ಣಿನಿಂದ ನಾವು ಅಷ್ಟನ್ನು ತೆಗೆದುಕೊಂಡಿದ್ದೆವು, ತಿಳಿದೇ ತೆಗೆದುಕೊಂಡಿದ್ದೆವು.

ಅಂದಿನಿಂದ ಯಾವ ಮೈದಾನಕ್ಕೆ ಹೋದರೂ ಮೊದಲು ಟೇಪು ಹಿಡಿದು ಆಳ ಅಳೆಯುತ್ತೇನೆ, ನೋಡುವವರು ಯಾವ ಕಡೆ ಕೂರುತ್ತಾರೆಂದು ಕೇಳುತ್ತೇನೆ, ಹಲಗಿಯನ್ನು ಅವರ ಎದುರು ತುದಿಗೆ ಕಳುಹಿಸುತ್ತೇನೆ. ಒಂದು ಮಗು ತಾಳ ತಪ್ಪಿತೆಂದು ಕಂಡರೆ ಗದರುವುದಕ್ಕೆ ಮೊದಲು ಅದರ ಜಾಗದಲ್ಲಿ ನಿಂತು ಎಂಟು ಪೆಟ್ಟು ಕೇಳುತ್ತೇನೆ. ತಾಳ ಹಿಡಿಯಲು ನಿಜವಾಗಿಯೂ ಕಷ್ಟಪಡುವ ಮಕ್ಕಳೂ ಇರುತ್ತಾರೆ. ಆದರೆ ಅಂಥವರು ಹಲಗಿಯ ಪಕ್ಕದಲ್ಲೇ ನಿಂತರೂ ತಪ್ಪುತ್ತಾರೆ, ತಪ್ಪು ಒಮ್ಮೆ ಮುಂದೆ ಒಮ್ಮೆ ಹಿಂದೆ ಹೊಯ್ದಾಡುತ್ತದೆ. ಪ್ರತಿ ಪೆಟ್ಟಿಗೂ ಅಳೆದಿಟ್ಟಂತೆ ಅಷ್ಟಷ್ಟೇ ತಡವಾಗುವ ಮಗುವಿನ ಕಿವಿ ಚೆನ್ನಾಗಿದೆ, ಹುಡುಕಬೇಕಾದದ್ದು ಬೇರೆ ಕಡೆ.

ಹೊಸ ಜೋಡಣೆಯಲ್ಲಿ ಆ ಹುಡುಗನಿಗೆ ಎಲ್ಲಿ ನಿಲ್ಲುತ್ತೀ ಎಂದು ಕೇಳಿದ್ದೆ. ಮುಂದಿನ ಸಾಲು ಕೊಡಲು ಸಿದ್ಧನಿದ್ದೆ. ಅವನು ಕೊನೆಯ ಸಾಲಿನ ನಡುವೆಯೇ ಬೇಕೆಂದ. ಈಗ ಹಲಗಿಗೆ ಎಲ್ಲರಿಗಿಂತ ಹತ್ತಿರದ ಜಾಗ ಅದೇ ಆಗಿತ್ತು.